ಕಾಪರ್ ಕ್ಯಾನ್ಯನ್‌ಗೆ ಕಾರಿನಲ್ಲಿ: ಕಿಲೋಮೀಟರ್ ಬಿಡಿ, ಬೆಳಕು ಎಣಿಸಿ

ಮೆಕ್ಸಿಕೋದ ಕ್ರೀಲ್ ಊರಿನಿಂದ ಕಾಪರ್ ಕ್ಯಾನ್ಯನ್ ಕಣಿವೆಯ ತಳದಲ್ಲಿರುವ ಬಾತೋಪಿಲಾಸ್‌ಗೆ ಸುಮಾರು 130 ಕಿ.ಮೀ. ಟೆಕ್ಸಾಸ್‌ನ ಹೈವೇಯಲ್ಲಾದರೆ ಒಂದೂಕಾಲು ಗಂಟೆ, ಮಧ್ಯೆ ಕಾಫಿಗೂ ನಿಲ್ಲಬೇಕಿಲ್ಲ. ಇಲ್ಲಿ ನಾಲ್ಕು ಗಂಟೆ ಬೇಕು. ಅದೂ ಹಿಂದಿನ ರಾತ್ರಿ ಮಳೆ ಬಂದಿಲ್ಲದಿದ್ದರೆ, ಗುಡ್ಡದಿಂದ ಬಂಡೆ ಉರುಳಿಲ್ಲದಿದ್ದರೆ, ತಿರುವಿನಲ್ಲಿ ಎದುರಿಗೆ ಲಾರಿ ಬಂದು 'ನೀನು ಹಿಂದೆ ಹೋಗು, ನಾನು ಹೋಗಲ್ಲ' ಅನ್ನುವ ಮಾತು ಶುರುವಾಗದಿದ್ದರೆ.

ಮೊದಲ ಸಲ ನಾವು ಹೋದಾಗ ಈ ಲೆಕ್ಕ ಗೊತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಆರಾಮಾಗಿ ಒಂದೂವರೆಗೆ ಕ್ರೀಲ್ ಬಿಟ್ಟೆವು. ಕೊನೆಯ ಇಪ್ಪತ್ತು ಕಿಲೋಮೀಟರ್ ಕತ್ತಲಲ್ಲಿ ಇಳಿಯಬೇಕಾಯಿತು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಆವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಕಿಲೋಮೀಟರ್ ಕಾಲಮ್ಮೇ ಇಲ್ಲ. ಹೊರಡುವ ಹೊತ್ತು, ತಲುಪುವ ಹೊತ್ತು, ಆಮೇಲೆ ಉಳಿಯುವ ಬೆಳಕು, ಇಷ್ಟೇ ಬರೆಯುತ್ತೇನೆ. ಕೆಳಗಿನ ಯೋಜನೆಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಅಮೆರಿಕದಲ್ಲಿದ್ದು ಸ್ವಂತ ಕಾರಿನಲ್ಲಿ ಹೋಗುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಾ ಕಡೆಯವರಿಗೆ ಇದು ಹತ್ತಿರ. ಹೋಗುವ ಜಾಗ ಚಿವಾವಾ ರಾಜ್ಯದ ನೈಋತ್ಯ ಮೂಲೆ, ಸಿಯೆರಾ ಮಾದ್ರೆ ಬೆಟ್ಟಸಾಲಿನೊಳಗೆ. ಹೆಸರು ಒಂದೇ ಆದರೂ ಕಣಿವೆ ಒಂದಲ್ಲ. ಉರೀಕೆ, ಬಾತೋಪಿಲಾಸ್, ಸಿನ್‌ಫೊರೋಸಾ, ಕಂದಮೇನ್ಯಾ, ತರರೇಕುವಾ ಹೀಗೆ ದೊಡ್ಡ ಕಣಿವೆಗಳ ಒಂದು ಗುಂಪು. ಉರೀಕೆಯ ಆಳ ಸುಮಾರು 1,870 ಮೀಟರ್, ಗ್ರ್ಯಾಂಡ್ ಕ್ಯಾನ್ಯನ್‌ಗಿಂತ ಸ್ವಲ್ಪ ಜಾಸ್ತಿಯೇ. ಹೆಸರಿನಲ್ಲಿ ತಾಮ್ರ ಇರುವುದು ಬಂಡೆಗಳ ಬಣ್ಣದಿಂದ. ಕಿಲುಬು ಹಿಡಿದ ತಾಮ್ರದ ಹಂಡೆಯ ಹಸಿರು ನೆನಪಿದೆ ಅಲ್ವಾ, ಅದೇ.

ಮೊದಲು ಕೇಳಿಕೊಳ್ಳಬೇಕಾದ್ದು: ಹೋಗಬೇಕಾ?

ಈ ಪ್ರಶ್ನೆಯನ್ನು ಕೊನೆಗೆ ತಳ್ಳುವ ಲೇಖನಗಳು ನನಗೆ ಇಷ್ಟವಿಲ್ಲ, ಅದಕ್ಕೇ ಮೊದಲು ಹಾಕಿದ್ದೇನೆ. ಈ ಬೆಟ್ಟಗಳಲ್ಲಿ ಗಾಂಜಾ, ಅಫೀಮಿನ ಗಸಗಸೆ ಬೆಳೆಯುವ ಗುಂಪುಗಳಿವೆ. ಅಕ್ರಮವಾಗಿ ಮರ ಕಡಿಯುವವರಿದ್ದಾರೆ. 2022ರ ಜೂನ್‌ನಲ್ಲಿ ಸೆರೊಕಾವಿ ಎಂಬ ಹಳ್ಳಿಯ ಚರ್ಚಿನೊಳಗೇ ಇಬ್ಬರು ವೃದ್ಧ ಜೆಸ್ಯೂಟ್ ಪಾದ್ರಿಗಳ ಕೊಲೆಯಾಯಿತು. ಅವರ ಆಸರೆ ಬಯಸಿ ಓಡಿಬಂದಿದ್ದ ಪ್ರವಾಸಿ ಗೈಡ್ ಕೂಡ ಸತ್ತರು. ಇಡೀ ಮೆಕ್ಸಿಕೋ ಬೆಚ್ಚಿಬಿದ್ದ ಘಟನೆ ಅದು. ಸೆರೊಕಾವಿ ಇರುವುದು ಉರೀಕೆಗೆ ಹೋಗುವ ದಾರಿಯಲ್ಲೇ.

ಇನ್ನೊಂದು ಕಡೆ, ಕ್ರೀಲ್ ಮತ್ತು ಕಣಿವೆಯ ಅಂಚಿನಲ್ಲಿರುವ ದಿವಿಸಾದೆರೋಗೆ ದಿನವೂ ಪ್ರವಾಸಿಗರು ಬರುತ್ತಾರೆ. ಚಿವಾವಾ ನಗರದ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಬರುತ್ತವೆ. ಎರಡೂ ನಿಜ. ಹಾಗಾಗಿ ದಾರಿಯನ್ನು ಮೂರು ಭಾಗ ಮಾಡಿ.

ಚಿವಾವಾ ನಗರ, ಕ್ರೀಲ್, ದಿವಿಸಾದೆರೋ ಒಂದು ಭಾಗ. ಟಾರು ರಸ್ತೆ, ಜನ ಓಡಾಡುವ ದಾರಿ. ಮೊದಲ ಸಲ ಹೋಗುವವರಿಗೆ ಇಷ್ಟೇ ಸಾಕು, ಸುಳ್ಳಲ್ಲ. ಕಣಿವೆಯ ತಳದ ಊರುಗಳಾದ ಬಾತೋಪಿಲಾಸ್ ಮತ್ತು ಉರೀಕೆ ಎರಡನೆಯ ಭಾಗ. ಅಲ್ಲಿಯ ಹೋಟೆಲಿನವರಿಗೆ ಹೊರಡುವ ಎರಡು ದಿನ ಮುಂಚೆ ಫೋನ್ ಮಾಡಿ ಅಥವಾ ವಾಟ್ಸಾಪ್‌ನಲ್ಲಿ ಕೇಳಿ, ಅವರು 'ಬನ್ನಿ' ಅಂದರೆ ಮಾತ್ರ ಹೋಗಬೇಕಾದ ಜಾಗ. ದಕ್ಷಿಣದ ಗ್ವಾದಲೂಪೆ-ಇ-ಕಾಲ್ವೋ ಎಂಬ ಊರಿನ ಕಡೆ ಮತ್ತು ಬೆಟ್ಟ ಇಳಿದು ಸಿನಾಲೋವಾ ರಾಜ್ಯಕ್ಕೆ ಹೋಗುವ ಮಣ್ಣಿನ ದಾರಿಗಳು ಮೂರನೆಯ ಭಾಗ. ಅಲ್ಲಿಗೆ ಬೇಡ. ಸಿನಾಲೋವಾದಲ್ಲಿ 2024ರ ಸೆಪ್ಟೆಂಬರ್‌ನಿಂದ ಮಾದಕ ವಸ್ತು ದಂಧೆಯ ಒಂದೇ ಕಾರ್ಟೆಲ್‌ನ ಎರಡು ಬಣಗಳು ಪರಸ್ಪರ ಹೊಡೆದಾಡಿಕೊಂಡಿವೆ. 'ಕಡಲ ತನಕ ಇಳಿದುಬಿಡೋಣ' ಅನ್ನುವ ಆಸೆ ನಕ್ಷೆ ನೋಡಿದವರಿಗೆಲ್ಲ ಬರುತ್ತದೆ. ನಮಗೂ ಬಂದಿತ್ತು. ನಕ್ಷೆ ಮಡಚಿಟ್ಟೆವು.

ಅಮೆರಿಕ ಸರ್ಕಾರದ ಪ್ರಯಾಣ ಸೂಚನೆಯನ್ನು ರಾಜ್ಯವಾರು ಓದಿ. ಇಡೀ ದೇಶಕ್ಕೆ ಒಂದೇ ಸಾಲು ಬರೆದು ಬಿಟ್ಟಿರುವುದಿಲ್ಲ. ಯಾವ ಹೆದ್ದಾರಿ, ಯಾವ ಊರು ಅನ್ನುವ ಮಟ್ಟಕ್ಕೆ ವಿವರ ಇರುತ್ತದೆ.

ಯಾವಾಗ ಹೋಗುವುದು

ಅಕ್ಟೋಬರ್ ಕೊನೆಯಿಂದ ನವೆಂಬರ್. ಮಳೆ ನಿಂತು ಬೆಟ್ಟ ಇನ್ನೂ ಹಸಿರಾಗಿರುತ್ತದೆ, ಜಲಪಾತಗಳಲ್ಲಿ ನೀರಿರುತ್ತದೆ, ಕಣಿವೆಯ ತಳ ತಣ್ಣಗಾಗಿರುತ್ತದೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ. ಮಧ್ಯಾಹ್ನದ ಮೇಲೆ ಗುಡುಗು ಸಹಿತ ಸುರಿಯುತ್ತದೆ, ಗುಡ್ಡ ಜರಿಯುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ತಳದಲ್ಲಿ 40 ಡಿಗ್ರಿ ದಾಟುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ ಒಂದು ವಿಚಿತ್ರ ಕಾಲ. ಕ್ರೀಲ್ ಇರುವುದು ಸುಮಾರು 2,340 ಮೀಟರ್ ಎತ್ತರದಲ್ಲಿ. ಪೈನ್ ಕಾಡು, ರಾತ್ರಿ ಸೊನ್ನೆಗಿಂತ ಕೆಳಗೆ, ಕೆಲವೊಮ್ಮೆ ಹಿಮ. ಅದೇ ದಿನ ಮಧ್ಯಾಹ್ನ ಬಾತೋಪಿಲಾಸ್‌ನಲ್ಲಿ ತೋಳಿಲ್ಲದ ಬನಿಯನ್ ಹಾಕಿಕೊಂಡು ಪಪ್ಪಾಯಿ ಗಿಡದ ಕೆಳಗೆ ಕೂತಿರಬಹುದು. ಸೊಗಸು ನಿಜ. ಆದರೆ ದಾರಿಯ ನೆರಳಿನ ತಿರುವುಗಳಲ್ಲಿ ನೀರು ಹೆಪ್ಪುಗಟ್ಟಿರುತ್ತದೆ, ಬೆಳಗ್ಗೆ ಹತ್ತಕ್ಕೆ ಮೊದಲು ಇಳಿಯುವುದು ಒಳ್ಳೆಯದಲ್ಲ.

ಬೆಳಕಿನ ಲೆಕ್ಕಕ್ಕೆ ಸೇರಿದ ಇನ್ನೊಂದು ವಿಷಯ ಇಲ್ಲೇ ಹೇಳುತ್ತೇನೆ. ಮೆಕ್ಸಿಕೋ 2022ರಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವುದನ್ನು ನಿಲ್ಲಿಸಿತು. ಗಡಿಯ ಊರುಗಳು ಮಾತ್ರ ಅಮೆರಿಕದ ಜೊತೆ ಹೆಜ್ಜೆ ಹಾಕುತ್ತವೆ. ಹಾಗಾಗಿ ಚಳಿಗಾಲದಲ್ಲಿ ಗಡಿಯ ಈಚೆಗಿರುವ ಟೆಕ್ಸಾಸ್‌ನ ಎಲ್ ಪಾಸೋ ಮತ್ತು ಆಚೆಗಿರುವ ಮೆಕ್ಸಿಕೋದ ಹ್ವಾರೆಸ್‌ಗಿಂತ ಚಿವಾವಾ ನಗರ ಒಂದು ಗಂಟೆ ಮುಂದೆ. ಬೇಸಿಗೆಯಲ್ಲಿ ಎರಡೂ ಒಂದೇ. ನವೆಂಬರ್ ಮೊದಲ ವಾರದ ನಂತರ ಹೋದರೆ ಮೊದಲ ದಿನವೇ ಒಂದು ಗಂಟೆ ಕಳೆದುಕೊಳ್ಳುತ್ತೀರಿ. ಕ್ರೀಲ್‌ನಲ್ಲಿ ಸೂರ್ಯ ಏಳುವುದೂ ತಡ, ಜನವರಿಯಲ್ಲಿ ಎಂಟರ ಹತ್ತಿರ. 'ಬೆಳಗ್ಗೆ ಆರಕ್ಕೇ ಹೊರಟುಬಿಡೋಣ' ಅನ್ನುವ ನಮ್ಮೂರ ಶಿಸ್ತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾಗದಪತ್ರ: ಎರಡು ತಿಂಗಳು ಮುಂಚೆ ಶುರು ಮಾಡಿ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಚಾಲ್ತಿಯಲ್ಲಿರುವ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಶೆಂಗೆನ್ ವೀಸಾ ಇದ್ದರೆ, ಇಲ್ಲವೇ ಗ್ರೀನ್ ಕಾರ್ಡ್ ಇದ್ದರೆ ಬೇಡ. 'ಚಾಲ್ತಿಯಲ್ಲಿರುವ' ಅನ್ನುವ ಪದವನ್ನು ಇನ್ನೊಮ್ಮೆ ಓದಿ. ಎಚ್-1ಬಿಯಲ್ಲಿರುವ ನಮ್ಮ ಬಹಳ ಜನರ ಪಾಸ್‌ಪೋರ್ಟಿನಲ್ಲಿ ಸ್ಟ್ಯಾಂಪ್ ಎಂದೋ ಮುಗಿದಿರುತ್ತದೆ. ಕೆಲಸಕ್ಕೆ ತೊಂದರೆ ಇಲ್ಲದ್ದರಿಂದ ಮರೆತೇ ಹೋಗಿರುತ್ತದೆ. ಕಂಪನಿ ಕೊಟ್ಟ ಅನುಮತಿ ಪತ್ರ ತೋರಿಸಿದರೆ ಮೆಕ್ಸಿಕೋದವರು ಒಪ್ಪುವುದಿಲ್ಲ, ಅವರಿಗೆ ಬೇಕಾದ್ದು ಪಾಸ್‌ಪೋರ್ಟಿನ ಪುಟದ ಮೇಲಿನ ವೀಸಾ. ವಾಪಸ್ ಬರುವಾಗ ಅಮೆರಿಕದ ಗಡಿಯಲ್ಲಿ ಏನು ತೋರಿಸಬೇಕು, ಅಮೆರಿಕದಲ್ಲಿ ಎಲ್ಲಿಯ ತನಕ ಇರಬಹುದು ಅಂತ ಹೇಳುವ ಐ-94 ದಾಖಲೆಯ ದಿನಾಂಕ ಏನು ಅನ್ನುವುದನ್ನು ನಿಮ್ಮ ಕಂಪನಿಯ ವಕೀಲರಿಗೆ ಒಂದು ಮೇಲ್ ಹಾಕಿ ಕೇಳಿಬಿಡಿ. ಗಡಿಯ ಸಾಲಿನಲ್ಲಿ ನಿಂತು ಕೇಳುವ ಪ್ರಶ್ನೆ ಅಲ್ಲ ಅದು.

ಗಡಿಯಲ್ಲಿ ಎಫ್‌ಎಂಎಂ ಎಂಬ ಪ್ರವಾಸಿ ಪರವಾನಗಿ ತೆಗೆದುಕೊಳ್ಳಬೇಕು. ರಸ್ತೆಯ ಗಡಿಯಲ್ಲಿ ಯಾರೂ ತಡೆದು 'ತೆಗೆದುಕೋ' ಅನ್ನುವುದಿಲ್ಲ. ಸುಮ್ನೆ ಕೈ ಬೀಸಿ ಕಳಿಸಿಬಿಡುತ್ತಾರೆ. ನೀವೇ ಕಾರು ನಿಲ್ಲಿಸಿ ಕಚೇರಿ ಹುಡುಕಿಕೊಂಡು ಹೋಗಬೇಕು.

ಮುಂದಿನದು ಕಾರಿನ ಪರವಾನಗಿ. ಗಡಿಯ ಪಟ್ಟಿ ದಾಟಿ ಒಳಗೆ ಹೋಗುವ ವಿದೇಶಿ ವಾಹನಕ್ಕೆ ತಾತ್ಕಾಲಿಕ ಆಮದು ಪರವಾನಗಿ ಬೇಕು. ಕೊಡುವುದು ಬಾನ್‌ಹೆರ್ಸಿತೋ ಎಂಬ ಸೈನ್ಯದ ಬ್ಯಾಂಕು. ಶುಲ್ಕದ ಜೊತೆಗೆ ಠೇವಣಿ ಇಡಬೇಕು: ಕಾರಿನ ಮಾಡೆಲ್ 2007 ಅಥವಾ ಆಮೇಲಿನದಾದರೆ 400 ಡಾಲರ್, 2001ರಿಂದ 2006ರದ್ದಾದರೆ 300, ಅದಕ್ಕೂ ಹಳೆಯದಾದರೆ 200. ವಾಪಸ್ ಬಂದು ಪರವಾನಗಿ ರದ್ದು ಮಾಡಿಸಿದಾಗ ಈ ದುಡ್ಡು ಮರಳುತ್ತದೆ. ಅವಧಿ ಒಂದು ದಿನ ಮೀರಿದರೂ ಹೋಯಿತು. ಆನ್‌ಲೈನ್‌ನಲ್ಲಿ ಮೊದಲೇ ಮಾಡಿಕೊಳ್ಳಬಹುದು. ಇಲ್ಲವಾದರೆ ಹ್ವಾರೆಸ್ ದಾಟಿ ದಕ್ಷಿಣಕ್ಕೆ 30ನೇ ಕಿಲೋಮೀಟರಿನ ಚೆಕ್‌ಪೋಸ್ಟಿನಲ್ಲಿ ಸಿಗುತ್ತದೆ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಕಾರು ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಪರವಾನಗಿ. ಸಾಲದ ಮೇಲೆ ತೆಗೆದುಕೊಂಡ ಕಾರಾದರೆ ಸಾಲ ಕೊಟ್ಟವರಿಂದ 'ಮೆಕ್ಸಿಕೋಗೆ ತೆಗೆದುಕೊಂಡು ಹೋಗಲು ನಮ್ಮ ಅಭ್ಯಂತರವಿಲ್ಲ' ಎಂಬ ಪತ್ರ ಬೇಕು. ಆ ಪತ್ರಕ್ಕೆ ನಾನು ಐದು ವಾರ ಕಾದೆ. ಫೋನಿನಲ್ಲಿ ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿನಿಂದ ಕಥೆ. ಕೊನೆಗೆ ಬಂದ ಪತ್ರದಲ್ಲಿ ಕಾರಿನ ನಂಬರ್ ಒಂದಂಕಿ ತಪ್ಪಿತ್ತು. ಬಂದ ದಿನವೇ ಅಂಕಿ ಅಂಕಿ ಹೊಂದಿಸಿ ನೋಡಿ. ಬಾಡಿಗೆ ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಅಮೆರಿಕದಿಂದ ಒಯ್ಯಬೇಡಿ, ಚಿವಾವಾ ನಗರಕ್ಕೆ ವಿಮಾನದಲ್ಲಿ ಹೋಗಿ ಅಲ್ಲೇ ತೆಗೆದುಕೊಳ್ಳಿ. ಮಣ್ಣಿನ ರಸ್ತೆಗೆ ಒಪ್ಪಿಗೆ ಇದೆಯಾ ಅಂತ ಕೇಳಿ.

ವಿಮೆ: ಅಮೆರಿಕದ ಕಾರು ವಿಮೆ ಮೆಕ್ಸಿಕೋದಲ್ಲಿ ಲೆಕ್ಕಕ್ಕಿಲ್ಲ. ಮೆಕ್ಸಿಕೋ ಕಂಪನಿಯ ಪಾಲಿಸಿ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಚಾಲಕನನ್ನು ಹಿಡಿದಿಟ್ಟುಕೊಳ್ಳಬಹುದು. ಆಗ ವಕೀಲರನ್ನು ಕಳಿಸುವುದು ಈ ವಿಮೆಯೇ. ಅದಕ್ಕೇ ಕಾನೂನು ನೆರವು ಸೇರಿರುವ ಪಾಲಿಸಿ ಕೊಳ್ಳಿ. ಎಲ್ಲ ಕಾಗದದ ಮೂರು ಮೂರು ಪ್ರತಿ ಮಾಡಿ, ಕಾಗದದಲ್ಲೇ. ಫೋನಿನಲ್ಲಿದೆ ಅಂದರೆ ಕೌಂಟರಿನ ಹಿಂದಿನವರು ನಗುತ್ತಾರೆ.

ಟೆಕ್ಸಾಸ್‌ನವರಿಗೆ ಒಂದು ಮಾತು. ಬಂದೂಕು ಬೇಡ ಅಂತ ಹೇಳಬೇಕಿಲ್ಲ. ಆದರೆ ಸೀಟಿನ ಕೆಳಗೆ ಬಿದ್ದ ಒಂದೇ ಒಂದು ಗುಂಡು ಕೂಡ ಮೆಕ್ಸಿಕೋದಲ್ಲಿ ಜೈಲಿಗೆ ದಾರಿ. ಹಳೆಯ ಪಿಕಪ್ ಕೊಂಡಿದ್ದರೆ ಮೊದಲಿನ ಮಾಲೀಕ ಬೇಟೆಗೆ ಹೋಗುತ್ತಿದ್ದನಾ ಅನ್ನುವುದು ನಿಮಗೆ ಗೊತ್ತಿರುವುದಿಲ್ಲ. ಸೀಟು ಬಿಚ್ಚಿ ಗುಡಿಸಿ.

ಕಾರು

ಇಂಟರ್ನೆಟ್‌ನಲ್ಲಿ ಮೇಲೆ ಡೇರೆ, ಪಕ್ಕದಲ್ಲಿ ಗುದ್ದಲಿ, ಮುಂದೆ ಹಗ್ಗ ಸುತ್ತುವ ಯಂತ್ರ ಇರುವ ಗಾಡಿಗಳ ಚಿತ್ರ ನೋಡಿ ಹೆದರಬೇಡಿ. ನೆಲದಿಂದ ಎತ್ತರ ಇರುವ ಸಾಮಾನ್ಯ ಎಸ್‌ಯುವಿ ಸಾಕು. ಕ್ರೀಲ್ ಮತ್ತು ದಿವಿಸಾದೆರೋಗೆ ಮಾತ್ರವಾದರೆ ಸೆಡಾನ್ ಕೂಡ ನಡೆಯುತ್ತದೆ. ಬಾತೋಪಿಲಾಸ್ ದಾರಿಗೆ ಟಾರು ಬಂದು ಕೆಲವು ವರ್ಷಗಳಾದವು. ಆದರೆ ಪ್ರತಿ ಮಳೆಗಾಲ ಅದರ ಒಂದಷ್ಟು ಪಾಲನ್ನು ಹೊಳೆಗೆ ಒಯ್ಯುತ್ತದೆ.

ನಿಜವಾಗಿ ಗಮನ ಕೊಡಬೇಕಾದ್ದು ಬ್ರೇಕು. ಕಣಿವೆಯ ಅಂಚಿನಿಂದ ತಳಕ್ಕೆ ಸುಮಾರು 1,800 ಮೀಟರ್ ಇಳಿತ. ಆಗುಂಬೆ ಘಾಟಿಯನ್ನು ಮೂರು ಸಲ ಒಂದರ ಕೆಳಗೊಂದು ಜೋಡಿಸಿದ ಹಾಗೆ. ಪೆಡಲ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು, ಆಮೇಲೆ ಒತ್ತಿದರೂ ಹಿಡಿಯುವುದಿಲ್ಲ. ಹೊರಡುವ ಮೊದಲು ಬ್ರೇಕ್ ಪ್ಯಾಡ್ ನೋಡಿಸಿ, ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಬದಲಿಸಿ. ಇಳಿಯುವಾಗ ಸಣ್ಣ ಗೇರಿನಲ್ಲಿ, ಇಂಜಿನ್ ಹಿಡಿತದಲ್ಲೇ ಇಳಿಯಿರಿ. ನಮ್ಮ ಘಟ್ಟದ ಡ್ರೈವರುಗಳು ಹೇಳುವುದು ಇದನ್ನೇ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಆಟೋಮ್ಯಾಟಿಕ್ ಗಾಡಿಯಲ್ಲಿ ಕೈಯಿಂದ ಗೇರ್ ಇಳಿಸುವುದು ಹೇಗೆ ಅಂತ ಮನೆಯ ಹತ್ತಿರವೇ ಕಲಿತುಕೊಳ್ಳಿ.

ಸ್ಟೆಪ್ನಿ ಪೂರ್ಣ ಗಾತ್ರದ್ದಿರಲಿ. ಪಂಕ್ಚರ್ ಕಿಟ್, ಗಾಳಿ ಹಾಕುವ ಸಣ್ಣ ಕಂಪ್ರೆಸರ್, ತಲಾ ದಿನಕ್ಕೆ ಐದು ಲೀಟರ್ ನೀರು, ಟಾರ್ಚು, ಕಂಬಳಿ ಇರಲಿ. ಸ್ಯಾಟಲೈಟ್‌ನಿಂದ ಸಂದೇಶ ಕಳಿಸುವ ಯಂತ್ರವೊಂದು ಬಾಡಿಗೆಗಾದರೂ ತನ್ನಿ. ಕ್ರೀಲ್ ದಾಟಿದ ಮೇಲೆ ಗಂಟೆಗಟ್ಟಲೆ ಫೋನ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಪೆಟ್ರೋಲ್ ಬಂಕಿನಲ್ಲಿ ಹಸಿರು ಪೈಪು ಸಾಮಾನ್ಯ ಪೆಟ್ರೋಲ್, ಕೆಂಪು ಪ್ರೀಮಿಯಂ, ಕಪ್ಪು ಡೀಸೆಲ್. ಅಮೆರಿಕದಲ್ಲಿ ಸಾಮಾನ್ಯವಾಗಿ ಹಸಿರು ಅಂದರೆ ಡೀಸೆಲ್, ಹುಷಾರು. ತುಂಬುವುದು ಹುಡುಗರು, ಹತ್ತು ಪೆಸೊ ಟಿಪ್ಸ್ ಕೊಡುವುದು ರೂಢಿ. ಮೀಟರ್ ಸೊನ್ನೆಗೆ ಬಂತಾ ಅಂತ ನೋಡುವುದು ನಮಗೆ ಹೇಳಿಕೊಡಬೇಕಿಲ್ಲ. ಹೊಸ ಡೀಸೆಲ್ ಪಿಕಪ್ ಇದ್ದವರು ಗಂಧಕ ಕಡಿಮೆ ಇರುವ ಡೀಸೆಲ್ ಒಳನಾಡಿನಲ್ಲಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಕ್ರೀಲ್‌ನಲ್ಲಿ ಟ್ಯಾಂಕ್ ತುಂಬಾ ತುಂಬಿಸಿ, ಹೋಗಿ ಬರುವಷ್ಟು ಇದೆ ಅಂದುಕೊಂಡು ಇಳಿಯಿರಿ.

ಒಂಬತ್ತು ದಿನದ ಲೆಕ್ಕ

ಎರಡು ವೀಕೆಂಡು, ನಡುವೆ ಒಂದು ವಾರ ರಜೆ. ಇಷ್ಟಕ್ಕೆ ಹೊಂದುವ ಹಾಗೆ ಹೇಳುತ್ತೇನೆ.

ಮೊದಲ ದಿನ ಎಲ್ ಪಾಸೋದಿಂದ ಚಿವಾವಾ ನಗರ, ಸುಮಾರು 375 ಕಿ.ಮೀ. ರಸ್ತೆ ನೇರ, ಮರುಭೂಮಿ. ಗಡಿಯ ಕೆಲಸಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಹ್ವಾರೆಸ್‌ನಲ್ಲಿ ಸುತ್ತಾಡಬೇಡಿ, ದಾಟಿಬಿಡಿ. ನಗರದ ಗದ್ದಲವೇ ಬೇಡ ಅಂದರೆ ಎಲ್ ಪಾಸೋ ಪಶ್ಚಿಮಕ್ಕಿರುವ ಸಾಂತಾ ತೆರೇಸಾ ಗಡಿ ಇದೆ. 'ಕುವೋತಾ' ಅಂತ ಬೋರ್ಡ್ ಇದ್ದರೆ ಟೋಲ್ ರಸ್ತೆ, 'ಲಿಬ್ರೆ' ಅಂದರೆ ಪುಕ್ಕಟೆ. ಟೋಲ್ ರಸ್ತೆಯನ್ನೇ ಹಿಡಿಯಿರಿ. ಚಿಲ್ಲರೆ ಪೆಸೊ ಇಟ್ಟುಕೊಳ್ಳಿ.

ಎರಡನೆಯ ದಿನ ಕ್ರೀಲ್, ಸುಮಾರು 250 ಕಿ.ಮೀ. ನಡುವೆ ಕ್ವೌತೇಮೊಕ್ ಬರುತ್ತದೆ. ಇದ್ದಕ್ಕಿದ್ದಂತೆ ಸೇಬಿನ ತೋಟ, ಬಿಳಿ ಜನ, ಜರ್ಮನ್ ಥರದ ಮಾತು. 1922ರಲ್ಲಿ ಕೆನಡಾದಿಂದ ಬಂದು ನೆಲೆಸಿದ ಮೆನೊನೈಟ್ ಪಂಗಡದವರು ಇವರು. ಇವರು ಮಾಡುವ ಚೀಸ್‌ಗೆ ಇಡೀ ಮೆಕ್ಸಿಕೋದಲ್ಲಿ ಹೆಸರು. ಒಂದು ಕಿಲೋ ಕೊಂಡುಬಿಡಿ, ಸಸ್ಯಾಹಾರಿಗಳಿಗೆ ಮುಂದಿನ ವಾರ ಅದೇ ಆಧಾರ.

ಮೂರನೆಯ ದಿನ ಎಲ್ಲೂ ದೂರ ಹೋಗಬೇಡಿ. ಎತ್ತರಕ್ಕೆ ಮೈ ಹೊಂದಿಕೊಳ್ಳಲಿ. ಅರರೇಕೋ ಕೆರೆ, ಅಣಬೆಯಂತೆ ಕಪ್ಪೆಯಂತೆ ನಿಂತ ಬಂಡೆಗಳು, ಕುಸಾರರೆ ಜಲಪಾತ ಎಲ್ಲ ಊರಿನ ಸುತ್ತಲೇ ಇವೆ. ಸಂಜೆ ಹೋಟೆಲಿನವರ ಹತ್ತಿರ, ಬಂಕಿನವರ ಹತ್ತಿರ, ಬಾತೋಪಿಲಾಸ್‌ನಿಂದ ಬಂದ ವ್ಯಾನಿನ ಡ್ರೈವರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: 'ಕೋಮೋ ಎಸ್ತಾ ಎಲ್ ಕಾಮೀನೋ?' ದಾರಿ ಹೇಗಿದೆ? ಮೂವರೂ ಒಂದೇ ಉತ್ತರ ಕೊಟ್ಟರೆ ಹೊರಡಿ.

ನಾಲ್ಕನೆಯ ದಿನ ಇಳಿತ. ಬೆಳಗ್ಗೆ ಹತ್ತರೊಳಗೆ ಕ್ರೀಲ್ ಬಿಡಿ. ಸಮಾಚೀಕೆ ತನಕ ಪೈನ್ ಕಾಡಿನ ಒಳ್ಳೆಯ ರಸ್ತೆ. ಅಲ್ಲಿಂದ ಎಡವೂ ಬಲವೂ ಅಲ್ಲ, ಕೆಳಗೆ. ಲಾ ಬುಫಾ ನೋಟದ ಜಾಗದಲ್ಲಿ ನಿಂತರೆ ನೀವು ಇಳಿಯಬೇಕಾದ ರಸ್ತೆ ಕೆಳಗೆ ಹರಿದ ದಾರದ ಹಾಗೆ ಬಿದ್ದಿರುವುದು ಕಾಣುತ್ತದೆ. ಕಿವಿ ಎರಡು ಮೂರು ಸಲ ಮುಚ್ಚಿಕೊಳ್ಳುತ್ತದೆ. ಪೈನ್ ಹೋಗಿ ಓಕ್, ಓಕ್ ಹೋಗಿ ಕಳ್ಳಿ ಬರುತ್ತದೆ. ಸ್ವೆಟರ್, ಶರ್ಟು ಒಂದೊಂದೇ ಹಿಂದಿನ ಸೀಟಿಗೆ. ಪ್ರತಿ ಕುರುಡು ತಿರುವಿನಲ್ಲಿ ಹಾರ್ನ್ ಹೊಡೆಯಿರಿ. ಅಮೆರಿಕಕ್ಕೆ ಬಂದ ಮೇಲೆ ಬಿಟ್ಟುಹೋದ ಈ ಅಭ್ಯಾಸ ಇಲ್ಲಿ ಪ್ರಾಣ ಉಳಿಸುತ್ತದೆ. 'ದೆರುಂಬೆ' ಅಂತ ಬೋರ್ಡ್ ಇದ್ದರೆ ಗುಡ್ಡ ಕುಸಿಯುವ ಜಾಗ, ಅಲ್ಲಿ ಫೋಟೋಗೆ ನಿಲ್ಲಬೇಡಿ. 'ವಾದೋ' ಅಂದರೆ ರಸ್ತೆಯ ಮೇಲೇ ಹಳ್ಳ ಹರಿಯುವ ತಗ್ಗು. 'ತೋಪೆ' ಅಂದರೆ ನಮ್ಮ ಹಂಪ್ಸ್. ಬಣ್ಣ ಇಲ್ಲದೆ, ಬೋರ್ಡ್ ಇಲ್ಲದೆ ಊರ ಬಾಗಿಲಲ್ಲಿ ಕಾದು ಕೂತಿರುವ ಪರಿಯೂ ನಮ್ಮದೇ.

ಮೂರು ಗಂಟೆಯೊಳಗೆ ಬಾತೋಪಿಲಾಸ್ ಮುಟ್ಟಬೇಕು. ಕಣಿವೆಯ ತಳದಲ್ಲಿ ಸೂರ್ಯ ಗೋಡೆಯ ಹಿಂದೆ ಬೇಗ ಮರೆಯಾಗುತ್ತಾನೆ. ಪಂಚಾಂಗದ ಸೂರ್ಯಾಸ್ತ ನಂಬಿ ಕೂರಬೇಡಿ.

ಐದನೆಯ ದಿನ ಊರಲ್ಲೇ. ಹೊಳೆಯ ದಂಡೆಗೆ ಅಂಟಿಕೊಂಡ ಒಂದೇ ಬೀದಿಯಂಥ ಊರು ಇದು. ಒಂದು ಕಾಲಕ್ಕೆ ಬೆಳ್ಳಿ ಗಣಿಯ ದುಡ್ಡಿನಲ್ಲಿ ತೇಲಿತ್ತು. ವಾಷಿಂಗ್ಟನ್ ಡಿ.ಸಿ.ಯ ಗವರ್ನರ್ ಆಗಿದ್ದ ಅಲೆಕ್ಸಾಂಡರ್ ಶೆಫರ್ಡ್ ಕೈ ಸುಟ್ಟುಕೊಂಡು ದಿವಾಳಿಯಾಗಿ, 1880ರಲ್ಲಿ ಇಲ್ಲಿಗೆ ಬಂದು ಗಣಿ ನಡೆಸಿದ. ಆತನ ಬಂಗಲೆಯ ಮಣ್ಣಿನ ಗೋಡೆಗಳು ಬೂಗನ್‌ವಿಲ್ಲಾ ಬಳ್ಳಿಯ ಕೆಳಗೆ ಇನ್ನೂ ನಿಂತಿವೆ. ಹೊಳೆಯ ಗುಂಟ ಏಳು ಕಿಲೋಮೀಟರ್ ಹೋದರೆ ಸತೆವೋದ ಹಳೆಯ ಚರ್ಚು, ಸುತ್ತ ಊರೇ ಇಲ್ಲದ ಜಾಗದಲ್ಲಿ ಅಷ್ಟು ದೊಡ್ಡ ಗುಮ್ಮಟ. ಬೆಳಗ್ಗೆ ನಡೆದುಕೊಂಡೇ ಹೋಗಿ. ರಾತ್ರಿ ಬೂಟು ಹೊರಗಿಟ್ಟಿದ್ದರೆ ಕೊಡವಿ ಹಾಕಿಕೊಳ್ಳಿ, ಚೇಳು ಇವೆ.

ಆರನೆಯ ದಿನ ವಾಪಸ್ ಕ್ರೀಲ್. ಇಲ್ಲಿಂದ ಉರೀಕೆಗೆ ಬೆಟ್ಟ ದಾಟುವ ಒಂದು ಮಣ್ಣಿನ ದಾರಿ ನಕ್ಷೆಯಲ್ಲಿ ಕಾಣುತ್ತದೆ. ಬಂದ ದಾರಿಯಲ್ಲೇ ಹೋಗುವುದು ಬೇಸರ ಅನಿಸುತ್ತದೆ. ಆದರೂ ಬಂದ ದಾರಿಯಲ್ಲೇ ಹೋಗಿ. ಹೊಳೆ ದಾಟಬೇಕಾದ, ಜನ ಕಾಣದ ಆ ದಾರಿ ಒಂಟಿ ಕಾರಿಗೆ ಅಲ್ಲ.

ಏಳನೆಯ ದಿನ ದಿವಿಸಾದೆರೋ, ಕ್ರೀಲ್‌ನಿಂದ ಒಂದು ಗಂಟೆ. ಮೂರು ಕಣಿವೆ ಕೂಡುವ ಜಾಗ. ಪಕ್ಕದ ಪಾರ್ಕಿನಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದದ ಕೇಬಲ್ ಕಾರ್ ಇದೆ. ಚೆಪೆ ರೈಲು ಇಲ್ಲಿ ನಿಲ್ಲುತ್ತದೆ. ಚಿವಾವಾದಿಂದ ಪೆಸಿಫಿಕ್ ಕಡಲ ಕಡೆಯ ಲೋಸ್ ಮೋಚಿಸ್‌ಗೆ ಹೋಗುವ ಈ ಹಳಿ 1961ರಲ್ಲಿ ಮುಗಿಯಿತು, 86 ಸುರಂಗ, 37 ಸೇತುವೆ. ಡ್ರೈವರಿಗೆ ಒಂದು ದಿನ ರಜೆ ಕೊಟ್ಟು ಎಲ್ಲರೂ ಕಿಟಕಿ ಪಕ್ಕ ಕೂರಬಹುದು. ಉರೀಕೆಗೆ ಇಳಿಯಬೇಕೆಂದಿದ್ದರೆ ಬಾತೋಪಿಲಾಸ್ ಬಿಟ್ಟು ಆ ಮೂರು ದಿನ ಇದಕ್ಕೆ ಕೊಡಿ. ಎರಡೂ ಒಂದೇ ಪ್ರವಾಸದಲ್ಲಿ ತುರುಕಬೇಡಿ.

ಎಂಟನೆಯ ದಿನ ಚಿವಾವಾ, ಒಂಬತ್ತನೆಯ ದಿನ ಗಡಿ. ರಜೆ ಇನ್ನೊಂದು ದಿನ ಇದ್ದರೆ 246 ಮೀಟರ್ ಧುಮುಕುವ ಬಸಸೆಯಾಚಿ ಜಲಪಾತಕ್ಕೆ ಕೊಡಿ. ಜೋಗ ನೋಡಿದವರೂ ಅಂಚಿನಲ್ಲಿ ಸುಮ್ಮನಾಗುತ್ತಾರೆ.

ಹೊಟ್ಟೆಯ ವಿಚಾರ

ಸಸ್ಯಾಹಾರಿಗಳಿಗೆ 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಅಂದರೆ ಸಾಲದು. ಹುರುಳಿಯ ಪಲ್ಯದಂತೆ ಕಾಣುವ ಫ್ರಿಹೋಲೆಸ್‌ಗೆ ಹಂದಿ ಕೊಬ್ಬು ಹಾಕಿರುತ್ತಾರೆ. ಅನ್ನ ಕೋಳಿ ಸಾರಿನಲ್ಲಿ ಬೆಂದಿರುತ್ತದೆ. ಅದನ್ನು ಅವರು ಮಾಂಸ ಅಂತ ಎಣಿಸುವುದೇ ಇಲ್ಲ. 'ಸಿನ್ ಮಾಂತೇಕಾ, ಸಿನ್ ಕಾಲ್ದೋ ದೆ ಪೋಯೋ' ಅಂತ ಸೇರಿಸಿ ಹೇಳಿ: ಕೊಬ್ಬು ಬೇಡ, ಕೋಳಿ ಸಾರು ಬೇಡ. ಮೆಕ್ಕೆಜೋಳದ ರೊಟ್ಟಿಯಾದ ತೊರ್ತಿಯಾ, ಚೀಸ್, ಬೆಣ್ಣೆಹಣ್ಣು, ಹಸಿಮೆಣಸಿನ ಸಾಲ್ಸಾ ಎಲ್ಲಿ ಹೋದರೂ ಸಿಗುತ್ತವೆ. ದಿವಿಸಾದೆರೋ ಸ್ಟೇಷನ್ನಿನಲ್ಲಿ ಹೆಂಗಸರು ಕಬ್ಬಿಣದ ಡ್ರಮ್ಮಿನ ಒಲೆ ಮೇಲೆ ಗೊರ್ದಿತಾ ಎಂಬ ಹೂರಣ ತುಂಬಿದ ದಪ್ಪ ರೊಟ್ಟಿ ಸುಡುತ್ತಿರುತ್ತಾರೆ. ಆಲೂಗಡ್ಡೆ, ಚೀಸ್, ಮೆಣಸಿನಕಾಯಿ ತುಂಬಿದ್ದನ್ನು ಕೇಳಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಪಿನೋಲೆ ಸಿಕ್ಕರೆ ಒಂದು ಪೊಟ್ಟಣ ಕೊಳ್ಳಿ. ಮೆಕ್ಕೆಜೋಳ ಹುರಿದು ಬೀಸಿದ ಹಿಟ್ಟು. ಇಲ್ಲಿಯ ರರಾಮುರಿ ಜನ ನೀರಿಗೆ ಕದಡಿ ಕುಡಿದು ದಿನಗಟ್ಟಲೆ ಬೆಟ್ಟದಲ್ಲಿ ನಡೆಯುತ್ತಾರೆ, ಓಡುತ್ತಾರೆ. ನನ್ನ ಹೆಂಡತಿ ಒಂದು ಚಮಚ ಬಾಯಿಗೆ ಹಾಕಿ 'ಅಯ್ಯೋ, ಹುರಿಹಿಟ್ಟು ಕಣ್ರೀ' ಅಂದಳು. ಬೆಲ್ಲ, ಹಾಲು ಹಾಕಿ ಕಲಸಿ ತಿಂದೆವು.

ಅಲ್ಲಿಯ ಜನರ ಜೊತೆ

ಕಣಿವೆ ರರಾಮುರಿಗಳ ಮನೆ. ಹೊರಗಿನವರು ಇವರನ್ನು ತರಾಹುಮಾರಾ ಅನ್ನುತ್ತಾರೆ. 'ಕ್ವಿರಾ' ಅಂದರೆ ನಮಸ್ಕಾರ. ಮಾತು ಕಡಿಮೆ, ಕೈ ಕುಲುಕುವುದೂ ಬೆರಳ ತುದಿ ತಾಗಿಸಿದಷ್ಟೇ. ಕೇಳದೆ ಫೋಟೋ ತೆಗೆಯಬೇಡಿ. ಹೆಂಗಸರ ಬಣ್ಣದ ಲಂಗ ನೋಡಿದ ಕೂಡಲೇ ಕೈ ಫೋನಿಗೆ ಹೋಗುತ್ತದೆ, ತಡೆದುಕೊಳ್ಳಿ. ಮನೆಯ ಅಂಗಳಕ್ಕೆ ನೇರ ನುಗ್ಗುವುದು ತಪ್ಪು. ಸ್ವಲ್ಪ ದೂರ ನಿಂತು ಅವರು ಗಮನಿಸುವ ತನಕ ಕಾಯುವುದು ಅಲ್ಲಿಯ ಮರ್ಯಾದೆ.

ಮಕ್ಕಳು ಕಾರಿನ ಹತ್ತಿರ ಬಂದು 'ಕೋರಿಮಾ' ಅನ್ನಬಹುದು. ಇದನ್ನು ಭಿಕ್ಷೆ ಅಂದುಕೊಳ್ಳಬೇಡಿ. ಇದ್ದವನು ಇಲ್ಲದವನ ಜೊತೆ ಹಂಚಿಕೊಳ್ಳುವುದು ಅವರಲ್ಲಿ ಕರ್ತವ್ಯ, ಆ ಪದ ಅದನ್ನೇ ಹೇಳುತ್ತದೆ. ಚಾಕೊಲೇಟ್ ಬದಲು ಹಣ್ಣು, ರೊಟ್ಟಿ ಇಟ್ಟುಕೊಂಡಿದ್ದರೆ ಒಳ್ಳೆಯದು. ಪೈನ್ ಎಲೆಯಲ್ಲಿ ಹೆಣೆದ ಬುಟ್ಟಿ ಕೊಳ್ಳುವಾಗ ಚೌಕಾಸಿ ಬೇಡ. ಚಿಕ್ಕಪೇಟೆಯ ಚಾಳಿ ಚಿಕ್ಕಪೇಟೆಗಿರಲಿ. ಕೊಡುವುದು ನಗದಿನಲ್ಲೇ. ಕಣಿವೆಯ ತಳದಲ್ಲಿ ಕಾರ್ಡ್ ನಂಬಿಕೊಳ್ಳಬೇಡಿ, ಎಟಿಎಂ ಕೆಲಸವನ್ನು ಕ್ರೀಲ್‌ನಲ್ಲೇ ಮುಗಿಸಿ.

ಎಡವಟ್ಟಾದರೆ

ಸೈನ್ಯದ ಚೆಕ್‌ಪೋಸ್ಟ್ ಸಾಮಾನ್ಯ. ಗಾಡಿ ನಿಧಾನ ಮಾಡಿ, ಕಪ್ಪು ಕನ್ನಡಕ ತೆಗೆದು, ಕಿಟಕಿ ಇಳಿಸಿ, ಎಲ್ಲಿಂದ ಎಲ್ಲಿಗೆ ಅಂತ ಹೇಳಿ. ಸೈನಿಕರ ಫೋಟೋ ಬೇಡ. ಸಮವಸ್ತ್ರ ಇಲ್ಲದ ಬಂದೂಕುಧಾರಿಗಳು ಪಿಕಪ್‌ನಲ್ಲಿ ಕೂತು ಯಾರು ನೀವು ಅಂತ ಕೇಳಿದರೂ ಅದೇ ಉತ್ತರ, ಅದೇ ಶಾಂತಿ: 'ತುರಿಸ್ತಾಸ್', ಪ್ರವಾಸಿಗರು, ಇಂಥ ಹೋಟೆಲಿಗೆ. ಅವರ ಬಗ್ಗೆ ಯಾರ ಹತ್ತಿರವೂ ಪ್ರಶ್ನೆ ಕೇಳಬೇಡಿ. ತಿರುಗಿ ಹೋಗಿ ಅಂದರೆ ತಿರುಗಿ ಹೋಗಿ. ಬಯಲಲ್ಲಿ ಡೇರೆ ಹಾಕುವ ಆಸೆಯನ್ನು ಅರಿಜೋನಾಕ್ಕೆ ಉಳಿಸಿಕೊಳ್ಳಿ. ಇಲ್ಲಿ ರಾತ್ರಿ ಗೇಟು ಇರುವ ಹೋಟೆಲ್ ಅಂಗಳದಲ್ಲಿ.

ಗಾಡಿ ಕೆಟ್ಟರೆ ದೊಡ್ಡ ಹೆದ್ದಾರಿಗಳಲ್ಲಿ 078ಕ್ಕೆ ಫೋನ್ ಮಾಡಿ. 'ಆಂಹೆಲೆಸ್ ವೆರ್ದೆಸ್' ಎಂಬ ಸರ್ಕಾರದ ಹಸಿರು ಟ್ರಕ್ಕುಗಳು ನೆರವಿಗೆ ಬರುತ್ತವೆ. ತುರ್ತಿಗೆ 911. ಕಣಿವೆಯೊಳಗೆ ಎರಡೂ ದೂರದ ಮಾತು, ಅಲ್ಲಿ ಮುಂದಿನ ಪಿಕಪ್‌ನವರೇ ದಿಕ್ಕು. ಅವರು ನಿಲ್ಲಿಸುತ್ತಾರೆ. ಹಗ್ಗ ಕಟ್ಟಿ ಎಳೆಯುತ್ತಾರೆ, ಹಳೆಯ ಟ್ಯೂಬ್ ತುಂಡಿನಿಂದ ಪೈಪು ಬಿಗಿಯುತ್ತಾರೆ. ಅವರ ಕೈಚಳಕ ನೋಡಿದರೆ ನಮ್ಮ ಹೈವೇ ಪಕ್ಕದ ಮೆಕ್ಯಾನಿಕ್‌ಗಳೇ ನೆನಪಾಗುತ್ತಾರೆ. ದೊಡ್ಡ ಆಸ್ಪತ್ರೆ ಬೇಕಾದರೆ ಚಿವಾವಾ ನಗರಕ್ಕೇ ಬರಬೇಕು. ಹಾಗಾಗಿ ಹೃದಯದ, ರಕ್ತದೊತ್ತಡದ ಮಾತ್ರೆಗಳನ್ನು ಎರಡು ಬ್ಯಾಗಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದಿವಿಸಾದೆರೋದಲ್ಲೇ ನಿಲ್ಲಿ. ಅಲ್ಲಿಂದಲೇ ಕಣಿವೆ ಪೂರ್ತಿ ಕಾಣುತ್ತದೆ.

ವಾಪಸ್ ಬರುವಾಗ

ಕೊನೆಯ ದಿನ ಎಲ್ಲರಿಗೂ ಮನೆ ಸೇರುವ ಆತುರ, ಅಲ್ಲೇ 400 ಡಾಲರ್ ಹೋಗುವುದು. ಕಾರಿನ ಪರವಾನಗಿಯನ್ನು ಮೆಕ್ಸಿಕೋ ಬಿಡುವ ಮೊದಲು ಬಾನ್‌ಹೆರ್ಸಿತೋ ಕೌಂಟರಿನಲ್ಲಿ ರದ್ದು ಮಾಡಿಸಬೇಕು. ನೀವು ದಾಟುವ ಗಡಿಯಲ್ಲಿ ಆ ಕೌಂಟರ್ ಇದೆಯಾ, ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ ಅಂತ ಹೋಗುವಾಗಲೇ ನೋಡಿಟ್ಟುಕೊಳ್ಳಿ. ಸೇತುವೆ ಹತ್ತಿಬಿಟ್ಟ ಮೇಲೆ ಹಿಂದೆ ತಿರುಗಲು ಜಾಗ ಇರುವುದಿಲ್ಲ. ಗಾಜಿನ ಮೇಲಿನ ಸ್ಟಿಕ್ಕರ್ ನೀವೇ ಕಿತ್ತು ಹಾಕಬೇಡಿ, ಅವರು ಬಂದು ನೋಡಿ ತೆಗೆಯುತ್ತಾರೆ. ಕೊಟ್ಟ ರಸೀದಿಯನ್ನು ಅಲ್ಲೇ ನಿಂತು ಫೋಟೋ ತೆಗೆದುಕೊಳ್ಳಿ. ಆಮೇಲೆ ಸಾಲಿನಲ್ಲಿ ಕಾಯುವಾಗ ಬಾತೋಪಿಲಾಸ್‌ನಲ್ಲಿ ಕೊಂಡ ಕಿತ್ತಳೆ, ಪಪ್ಪಾಯಿ ಉಳಿದಿದ್ದರೆ ತಿಂದು ಮುಗಿಸಿ. ಅಮೆರಿಕದ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಹಣ್ಣಿನದೂ ಒಂದು.